ಹೆತ್ತವಳ ಸಾಕ್ಷಿ

ದ್ವೀಪದ ರಾಜ ಸಂಧಿಯ ಒತ್ತೆಯಾಗಿ ಆಚೆ ದಡದ ಚಕ್ರವರ್ತಿಗೆ ತನ್ನ ಒಬ್ಬನೇ ಮಗನನ್ನು ಕೊಟ್ಟಾಗ ಆ ಕೂಸಿಗೆ ಐದು ವರ್ಷ. ಹದಿನಾಲ್ಕು ವರ್ಷದ ಮೇಲೆ, ಮೀನುಗಾರರು ಕಡಲಿನಿಂದ ಎತ್ತಿ ತಂದ ಯುವಕನೊಬ್ಬ, "ನಾನೇ ಆ ಮಗ, ತಪ್ಪಿಸಿಕೊಂಡು ಬಂದೆ" ಎಂದ.

ರಾಜ ರಾಣಿಯನ್ನು ಕರೆಸಿದ. "ಹೆತ್ತವಳು ನೀನು. ನಿಜ ಹೇಳು, ಇವನು ನಮ್ಮವನೇನು?"

ರಾಣಿ ಯುವಕನ ಎಡಗಿವಿಯ ಹಿಂದೆ ಕೂದಲು ಸರಿಸಿ ನೋಡಿದಳು. ಮಗನಿಗಿದ್ದ ಕಪ್ಪು ಮಚ್ಚೆ ಅಲ್ಲಿರಲಿಲ್ಲ. ಅಲ್ಲವೆಂದರೆ ಗೂಢಚಾರನೆಂದು ಇವನನ್ನು ಕೊಂದುಹಾಕುತ್ತಾರೆ. ಯಾವ ತಾಯಿ ಹೆತ್ತ ಮಗುವೋ ಎಂದು ಅವಳು ಮರುಗಿದಳು.

"ನನ್ನ ಮಗನೇ!" ಎಂದು ತಬ್ಬಿಕೊಂಡಳು.

ರಾಜ ಸೊಂಟಕ್ಕೆ ಸಿಕ್ಕಿಸಿದ್ದ ಓಲೆಯೊಂದನ್ನು ಹೊರತೆಗೆದ.

"ಬೆಳಿಗ್ಗೆ ಚಕ್ರವರ್ತಿಯ ಓಲೆ ಬಂತು. ಓಡಿಹೋದ ಮಗನ ತಲೆ ಕಳಿಸದಿದ್ದರೆ ದ್ವೀಪದಲ್ಲಿ ಒಂದು ಜೀವವನ್ನೂ ಉಳಿಸುವುದಿಲ್ಲವಂತೆ" ಎಂದು, ಕಾವಲಿನವರಿಗೆ ಕೈಸನ್ನೆ ಮಾಡಿದ. ಅವರು ಯುವಕನ ರಟ್ಟೆ ಹಿಡಿದರು.

"ಬೇಡ, ಪ್ರಭು! ನಾನು ಸುಳ್ಳು ಹೇಳಿದೆ. ಇವನು ನಮ್ಮ ಮಗನಲ್ಲ!" ರಾಣಿ ಗಂಡನ ಕಾಲು ಹಿಡಿದಳು.

ರಾಜ ಬಗ್ಗಿ ಅವಳ ತಲೆಯ ಮೇಲೆ ಕೈಯಿಟ್ಟ. "ಹೆತ್ತವಳು ಇನ್ನೇನು ಹೇಳಿಯಾಳು?"