ತುಟಿಯ ಮೇಲೆ ಗಂಗೆ

"ಅಪ್ಪಾ, ನುಂಗ್ಬೇಡಿ. ಒಂದೇ ನಿಮಿಷ," ಎಂದ ವಸಿಷ್ಠ. ಡಾಕ್ಟರು ಕೈಚೆಲ್ಲಿ ಮನೆಗೆ ಕಳಿಸಿದ್ದ ಗಂಡ ಶಾಮಣ್ಣನವರ ಬಾಯಿಗೆ ಜಯಮ್ಮ ಬಿಟ್ಟ ಗಂಗೆ, ಒಳಗಿಳಿಯದೆ ಕೆಳತುಟಿಯ ಮೇಲೆ ಒಂದೇ ಹನಿಯಾಗಿ ಗುಂಡಗೆ ನಿಂತಿತ್ತು. ಮಗ ಮಂಚದ ಪಕ್ಕ ಮಂಡಿಯೂರಿ ಕ್ಯಾಮೆರಾದ ಮ್ಯಾಕ್ರೋ ಲೆನ್ಸನ್ನು ಅಪ್ಪನ ಗಲ್ಲದ ಹತ್ತಿರಕ್ಕೆ ತಂದಾಗಿತ್ತು.

"ಅವರಿಗೆ ಬಾಯಾರಿದೆ ಕಣೋ," ಎಂದರು ಜಯಮ್ಮ, ಗಂಗೆ ಬಿಟ್ಟ ಪೂಜೆಯ ಉದ್ಧರಣೆಯನ್ನು ಕೈಯಲ್ಲೇ ಹಿಡಿದು.

"ಇಂಥ ಹನಿ ಮತ್ತೆ ಸಿಗಲ್ಲಮ್ಮ. ಇಡೀ ಕಿಟಕಿ ಅದರೊಳಗೆ ತಲೆಕೆಳಗಾಗಿ ಕಾಣಿಸ್ತಿದೆ. ಆದ್ರೆ ಉಸಿರಿಗೆ ನಡುಗ್ತಿದೆ. ಅಪ್ಪಾ, ಅಲ್ಲಾಡ್ಬೇಡಿ."

ಆ ಮಾತು ಶಾಮಣ್ಣನವರಿಗೆ ಹೊಸದಲ್ಲ. ರಿಟೈರ್ ಆದಾಗಿನಿಂದ ಜಯನಗರದ ಈ ಮನೆಯ ಅಡುಗೆಮನೆಯಲ್ಲಿ, ಮಗ ನೀರಹನಿಯ ಫೋಟೋ ತೆಗೆಯುವಾಗಲೆಲ್ಲ ಚಮಚವನ್ನೋ ದಾಸವಾಳದ ಎಸಳನ್ನೋ ಹಿಡಿದು ನಿಲ್ಲುತ್ತಿದ್ದವರು ಅವರೇ. ಅಲ್ಲಾಡ್ಬೇಡಿ ಅಂದ ಕೂಡಲೇ, ಕೈ ನಡುಗದಿರಲಿ ಎಂದು ಉಸಿರು ಬಿಗಿಹಿಡಿಯುತ್ತಿದ್ದರು. ಮಗ ಆಯ್ತು ಅನ್ನುವವರೆಗೂ ಬಿಡುತ್ತಿರಲಿಲ್ಲ. ಈಗಲೂ ಹಿಡಿದರು. ಹನಿಯ ನಡುಕ ನಿಂತಿತು. ಕ್ಯಾಮೆರಾ ಒಂದೇ ಸಮನೆ ಸದ್ದು ಮಾಡಿತು.

"ಆಯ್ತು ಅಪ್ಪ, ನುಂಗಿ," ಎಂದು ವಸಿಷ್ಠ ಎದ್ದು, ಬೆಳಕಿಗೆ ಬೆನ್ನು ಮಾಡಿ, ತೆಗೆದ ಫೋಟೋವನ್ನು ಸ್ಕ್ರೀನಿನಲ್ಲಿ ದೊಡ್ಡದು ಮಾಡಿಕೊಂಡು ನೋಡತೊಡಗಿದ. ಹನಿ ಇನ್ನೂ ತುಟಿಯ ಮೇಲೇ ಇತ್ತು. ಜಯಮ್ಮ ಗಂಡನ ಮೂಗಿನ ಕೆಳಗೆ ಬೆರಳಿಟ್ಟರು. ಇಟ್ಟ ಬೆರಳನ್ನು ತೆಗೆಯಲಿಲ್ಲ.

"ನೋಡಮ್ಮ," ಎಂದ ಮಗ, ತಲೆಯೆತ್ತದೆ. "ಅಪ್ಪ ಈ ಸಲ ಒಂಚೂರೂ ಅಲ್ಲಾಡಿಲ್ಲ."