ಇನ್ನೊಂದು ಸುತ್ತು

ಸಂಡೂರಿನ ಗುಡ್ಡದ ಮೇಲೆ ಒಂದು ಗಂಟೆ ಕಳೆದರೆ ಕೆಳಗೆ ಊರಿನಲ್ಲಿ ಒಂದು ವರ್ಷ ಕಳೆದಿರುತ್ತದೆ. ಅದಕ್ಕೇ ಲಾರಿಯವರು ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಕೆಂಪು ಜಲ್ಲಿಯ ದಾರಿಯೆಲ್ಲ ಹುಲಿಗೆಮ್ಮನ ಸೈಕಲ್ಲಿಗೇ ಬಿಟ್ಟುಕೊಟ್ಟಂತಿತ್ತು.

ಮೂರು ಗಂಟೆ ತುಳಿದು ಗುಡ್ಡದ ಬುಡದ ಗೇಟಿಗೆ ಇಳಿದವಳು, ಗುಡ್ಡದಿಂದ ಬಂದವರೆಲ್ಲ ಮಾಡುವಂತೆ, ಮೊದಲು ಅಲ್ಲಿ ತೂಗುಹಾಕಿದ್ದ ಹಲಗೆಯ ಮೇಲೆ ಬರೆದಿದ್ದ ಇಸವಿ ನೋಡಿದಳು, ಆಮೇಲೆ ತಂಗಿಯನ್ನು. ಬೆನ್ನಿಗೆ ಬಿದ್ದ ತಂಗಿ ಸುಂಕಮ್ಮನ ತಲೆ ಈ ಸಲ ಪೂರ್ತಿ ಬೆಳ್ಳಗಾಗಿತ್ತು. ಹುಲಿಗೆಮ್ಮನಿಗೆ ಇನ್ನೂ ಮೂವತ್ತಾರು.

"ಅಕ್ಕಾ, ಬಂದ್ಯಾ?" ಎಂದು ಸುಂಕಮ್ಮ ಮಜ್ಜಿಗೆಯ ಚೊಂಬು ಕೊಟ್ಟಳು.

ಹುಲಿಗೆಮ್ಮ ಸೈಕಲ್ಲಿನಿಂದ ಇಳಿಯದೆಯೇ ಗಟಗಟ ಕುಡಿದಳು. ಒಂದು ಕಾಲು ಆಗಲೇ ಪೆಡಲಿನ ಮೇಲಿತ್ತು. ಕೆಳಗೆ ಬಂದರೆ ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

"ಇನ್ನೊಂದು ಸುತ್ತು ಹೊಡ್ಕೊಂಡು ಬರ್ತೀನಿ, ಸುಂಕೀ. ಒಂದೇ ಒಂದು."

"ನಿಂದು ಒಂದು ಸುತ್ತಂದ್ರ ನಂದು ಮೂರು ವರ್ಷ."

"ಜಲ್ದಿ ತುಳೀತೀನಿ ಬಿಡು."

ಸುಂಕಮ್ಮ ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಕುಕ್ಕರಗಾಲಲ್ಲಿ ಕೂತು, ಮುಂದಿನ ಗಾಲಿಯ ವಾಲ್ವು ತಿರುವಿ ಗಾಳಿ ಬಿಟ್ಟಳು. ಚಿಕ್ಕಂದಿನಲ್ಲಿ ಅಕ್ಕ ತನ್ನನ್ನು ಬಿಟ್ಟು ಹೊರಟಾಗಲೆಲ್ಲ ಇದನ್ನೇ ಮಾಡುತ್ತಿದ್ದಳು. ಆಮೇಲೆ ಸೈಕಲ್ಲಿಗೆ ಸಿಕ್ಕಿಸಿದ್ದ ಪಂಪನ್ನು ಕಿತ್ತುಕೊಂಡು, ಸೆರಗಿನಲ್ಲಿ ಸುತ್ತಿ, ಊರಿನ ಕಡೆ ಹೆಜ್ಜೆ ಹಾಕಿದಳು.

"ಏ ಸುಂಕೀ, ಪಂಪು ಕೊಡೇ!"

"ನಾ ಸತ್ತ ಮ್ಯಾಲ ತಗೊಳ್ಳುವಂತಿ," ಎಂದಳು ಸುಂಕಮ್ಮ ತಿರುಗಿಯೂ ನೋಡದೆ. "ಈಗ ಊಟಕ್ಕ ಬಾ."