ಸಿಂಹಕ್ಕಾಗಿ ಬಡಿದ ಡಬ್ಬ

ಕಲೆಯ ಮುಂದೆ ಮನುಷ್ಯ ಸಕಲವನ್ನೂ ಮರೆಯುತ್ತಾನೆಂದು ಬಲ್ಲವರು ಹೇಳುತ್ತಾರೆ. ನಮ್ಮೂರು ಮರಕ್ಕಡವಿನವರು ಬಾಳೆತೋಟವೊಂದನ್ನು ಬಿಟ್ಟು ಮಿಕ್ಕಿದ್ದನ್ನು ಮರೆಯುತ್ತಿದ್ದರು.

ಸೀಮೆಎಣ್ಣೆಯ ವಾಸನೆ ಬಂದರೆ ಈಗಲೂ ನನಗೆ ಚಿಕ್ಕಂದಿನ ಒಂದು ನಾಟಕ ನೆನಪಾಗುತ್ತದೆ.

ಕಬಿನಿ ದಡದಲ್ಲಿ ಮುತ್ತಜ್ಜನ ಕಾಲದ ಹುಲ್ಲುಮಾಡಿನ ರಂಗಮನೆಯಿತ್ತು. ಬೇಸಿಗೆಯಲ್ಲಷ್ಟೇ ಅಲ್ಲಿ ಆಟ. ಆ ವರ್ಷ ಮಕ್ಕಳ ಹಾಡುನಾಟಕ, ಸಿಂಹ ಮತ್ತು ಮೊಲದ ಹಳೇ ಕಥೆ. ನಾನು ಮೊಲ. ಸಿಂಹ ಬಂದೊಡನೆ ನನ್ನ ಒಂದೇ ಒಂದು ಹಾಡು. ತಿಂಗಳಿಡೀ ಅದನ್ನು ಹೇಳಿಕೊಟ್ಟ ಅಜ್ಜಿ ಮುಂದಿನ ಚಾಪೆಯಲ್ಲೇ ಕೂತಿದ್ದಳು. ತಪ್ಪಿದರೆ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಸಿಂಹ ಕಾಲಿಡುವ ಹೊತ್ತಿಗೆ ಸರಿಯಾಗಿ ಚೆಂಡೆಯ ಚರ್ಮ ಹರಿಯಿತು. ಬಾರಿಸುತ್ತಿದ್ದ ಸೋದರಮಾವ ಗಾಬರಿಯಲ್ಲಿ ತೋಟ ಕಾಯುವ ಸೀಮೆಎಣ್ಣೆ ಡಬ್ಬವನ್ನೇ ಎಳೆದುಕೊಂಡು ಬಡಿದ. ಊರಲ್ಲಿ ಆ ಡಬ್ಬ ಬಡಿಯುವುದು ಆನೆ ನುಗ್ಗಿದಾಗ ಮಾತ್ರ.

“ಆನೆ! ಯಾರ ತೋಟಕ್ಕೋ?” ಎನ್ನುತ್ತ ಜನ ಎದ್ದರು.

“ನಾಟಕ ಕಣ್ರೋ, ಕೂತ್ಕಳಿ!” ಎಂದು ಮಾವ ಕೂಗಿದ, ಬಡಿಯುವುದನ್ನು ಮಾತ್ರ ನಿಲ್ಲಿಸದೆ.

ಚಾಪೆಗಳು ಮಗುಚಿದವು. ಸಿಂಹ ತೆಂಗಿನ ನಾರಿನ ಕೇಸರ ಹಿಡಿದುಕೊಂಡು ತನ್ನಪ್ಪನ ಹಿಂದೆ ಓಡಿತು; ಅವರ ಬಾಳೆ ಕಾಡಿನಂಚಿನಲ್ಲಿತ್ತು. ಜನರನ್ನು ಕರೆತರಲು ಮಾವನೂ ಡಬ್ಬ ಬಡಿಯುತ್ತಲೇ ಓಡಿದ.

“ಅಜ್ಜೀ, ಎಲ್ರೂ ಹೋದ್ರು,” ಎಂದೆ.

ಅಜ್ಜಿ ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ರಂಗದ ಹತ್ತಿರ ಬಂದಳು. “ಹೋಗ್ಲಿ ಮೋಳೇ, ನನ್ ಮಗಳೇ. ಓಡಕ್ಕೆ ನನ್ನ ಮಂಡಿ ಒಪ್ಪಲ್ಲ. ನೀ ಹಾಡು.”

ಮೂರು ಚರಣವನ್ನೂ ತಪ್ಪದೆ ಹಾಡಿದೆ. ಕೇಳಿದವಳು ಅಜ್ಜಿ ಒಬ್ಬಳೇ.